ಮಾತಾಡುತ್ತದೆ, ಮಾತು ಕೇಳುವುದಿಲ್ಲ

ಗಿಣಿ ಮಾತಾಡುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಮಾತು ಕೇಳುತ್ತಾ ಅಂತ ಯಾರೂ ಕೇಳುವುದಿಲ್ಲ.

ನಮ್ಮ ರಂಗನನ್ನು ನೋಡಲು ಬಂದವರದ್ದೆಲ್ಲ ಒಂದೇ ಕಥೆ. ಚಪ್ಪಲಿ ಬಿಟ್ಟ ಕೂಡಲೇ ಪಂಜರದ ಮುಂದೆ ನಿಂತು "ಹಲೋ ಹೇಳು, ಹಲೋ ಹೇಳು" ಅಂತ ಶುರು ಮಾಡುತ್ತಾರೆ. ರಂಗ ತಲೆ ವಾಲಿಸಿ ಒಂದೇ ಕಣ್ಣಲ್ಲಿ ಅವರನ್ನು ಅಳೆಯುತ್ತದೆ. ಆಮೇಲೆ ತಿರುಗಿ, ಬಾಲ ಅವರ ಕಡೆ ಮಾಡಿ ಕೂರುತ್ತದೆ. ಅವರು ಸೋತು ಸೋಫಾಗೆ ಬಂದು ಕಾಫಿ ಲೋಟ ಕೈಗೆ ತಗೊಂಡ ಮೇಲೆ, ನಮ್ಮ ಅತ್ತೆಯ ದನಿಯಲ್ಲಿ "ಹೊರಟ್ರಾ?" ಅಂತ ಕೇಳುತ್ತದೆ. ಎಷ್ಟೋ ಜನ "ಹೂಂ, ಇನ್ನೇನು ಹೊರಟೆ" ಅಂತ ಗಾಬರಿಯಿಂದ ಅತ್ತೆ ಕಡೆ ನೋಡಿದ್ದಾರೆ.

ರಂಗ ಹಸಿರು ಗಿಣಿಯಲ್ಲ. ಆಫ್ರಿಕನ್ ಗ್ರೇ. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕಡುಗೆಂಪು. ತೂಕ ಹೆಚ್ಚೆಂದರೆ ಅರ್ಧ ಕೆಜಿ. ನಮ್ಮ ಮನೆಯವರ ಚಿಕ್ಕಪ್ಪನ ಮಗ ಕೆಲಸದ ಮೇಲೆ ಜರ್ಮನಿಗೆ ಹೊರಟಾಗ, "ಸ್ವಲ್ಪ ದಿನ ಇಟ್ಕೊಂಡಿರಿ ಅತ್ತಿಗೆ" ಅಂತ ಪಂಜರ ಸಮೇತ ತಂದು ಮೈಸೂರಿನ ನಮ್ಮ ಹಾಲ್‌ನಲ್ಲಿ ಇಟ್ಟು ಹೋದ. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಅವನು ಅಲ್ಲೇ ಮನೆ ತಗೊಂಡ, ಮಕ್ಕಳೂ ಆದವು. ವಿಡಿಯೊ ಕಾಲ್ ಮಾಡಿದಾಗ "ಹೇಗಿದಾನೆ ನಮ್ಮ ರಾಕಿ?" ಅಂತ ವಿಚಾರಿಸುತ್ತಾನೆ. ಅವರ ಮನೆಯಲ್ಲಿ ಇದರ ಹೆಸರು ರಾಕಿ. ಇಲ್ಲಿಗೆ ಬಂದ ದಿನವೇ ಅತ್ತೆ ಅದನ್ನು ರಂಗ ಮಾಡಿದರು. "ರಾಕಿ ಗೀಕಿ ಎಲ್ಲ ನಾಯಿಗೆ ಇಡೋ ಹೆಸರು" ಅಂತ ಅವರ ವಾದ. ಈ ಜಾತಿಯಲ್ಲಿ ಗಂಡು, ಹೆಣ್ಣು ನೋಡಲು ಒಂದೇ ಥರ. ಎಷ್ಟೋ ವರ್ಷದ ಮೇಲೆ ಪುಕ್ಕ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ರಂಗ ಹೆಣ್ಣು ಅಂತ ರಿಪೋರ್ಟ್ ಬಂತು. ಅತ್ತೆ ಕೇಳಿಸಿಕೊಂಡು, "ಇರಲಿ ಬಿಡಮ್ಮ, ಈ ವಯಸ್ಸಲ್ಲಿ ಹೆಸರು ಬದಲಾಯಿಸಿದ್ರೆ ಬೇಜಾರು ಮಾಡ್ಕೋತಾನೆ" ಅಂದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಹಾಗಂತ ಅತ್ತೆಗೆ ಮೊದಲಿಂದ ಅದರ ಮೇಲೆ ಪ್ರೀತಿ ಇತ್ತು ಅಂದುಕೊಳ್ಳಬೇಡಿ. ಗ್ರೇ ಗಿಣಿಗಳ ಮೈಯಿಂದ ಸಣ್ಣ ಬಿಳಿ ಪುಡಿ ಉದುರುತ್ತಲೇ ಇರುತ್ತದೆ. ಬೆಳಿಗ್ಗೆ ಒರೆಸಿದ ಟಿವಿ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು. ದೇವರ ಮನೆಯವರೆಗೂ ಪುಡಿ ಬಂತು ಅಂತ ದಿನಾ ರಗಳೆ. ಆದರೂ ಮನೆಗೆ ಬಂದ ಮೇಲೆ ನಾಲ್ಕು ಒಳ್ಳೆ ಮಾತು ಕಲಿಯಲಿ ಅಂತ, ಪೂಜೆ ಮುಗಿಸಿ ಬಂದು ಅದರ ಮುಂದೆ ಕುರ್ಚಿ ಎಳೆದುಕೊಂಡು "ರಾಮ ರಾಮ ಅನ್ನು" ಅನ್ನುತ್ತಿದ್ದರು. ರಾಮ, ಕೃಷ್ಣ, ಶ್ರೀರಂಗಪಟ್ಟಣದ ರಂಗನಾಥ, ಯಾರೂ ಅದರ ಬಾಯಿಗೆ ಬರಲಿಲ್ಲ. ಕೊನೆಗೊಂದು ಸಂಜೆ ಅದು ತಾನಾಗಿಯೇ ಕನ್ನಡದಲ್ಲಿ ಬಾಯಿಬಿಟ್ಟಿತು. ಬಂದದ್ದು ನನ್ನ ದನಿ: "ಫೋನ್ ಕೆಳಗಿಡೇ!" ಹಿಂದೆಯೇ ಮಗಳ ದನಿ: "ಒಂದ್ ನಿಮಿಷಾ ಅಮ್ಮಾ!" ಆಮೇಲೆ ಒಂದು ನಿಟ್ಟುಸಿರು. ಅದೂ ನನ್ನದೇ.

ಅತ್ತೆಯ ಪಾಠ ತಲೆಗೆ ಹತ್ತದೆ ನಮ್ಮ ಜಗಳ ಯಾಕೆ ಹತ್ತಿತು ಅನ್ನುವುದಕ್ಕೆ ಆಮೇಲೆ ಓದುವಾಗ ಉತ್ತರ ಸಿಕ್ಕಿತು. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅಂಗಡಿಯಿಂದ ಒಂದು ಆಫ್ರಿಕನ್ ಗ್ರೇ ತಂದು ಅಲೆಕ್ಸ್ ಅಂತ ಹೆಸರಿಟ್ಟರು. ಅವರು ಗಿಣಿಯ ಮುಂದೆ ಕೂತು ಒಂದೇ ಪದವನ್ನು ನೂರು ಸಲ ಹೇಳಲಿಲ್ಲ. ಇಬ್ಬರು ಮನುಷ್ಯರು ಅದರ ಎದುರಿಗೆ ಒಂದು ವಸ್ತು ಇಟ್ಟುಕೊಂಡು ಮಾತಾಡುತ್ತಿದ್ದರು. ಒಬ್ಬರು "ಇದೇನು?" ಅಂತ ಕೇಳುವುದು. ಇನ್ನೊಬ್ಬರು ಸರಿಯಾಗಿ ಹೇಳಿದರೆ ಆ ವಸ್ತು ಅವರ ಕೈಗೆ. ತಪ್ಪು ಹೇಳಿದರೆ ಗದರಿಕೆ, ವಸ್ತು ಮಾಯ. ಗಿಣಿ ಪಕ್ಕದಲ್ಲಿ ಕೂತು ಎಲ್ಲ ನೋಡುತ್ತಿತ್ತು. ತನಗೆ ಬೇಕಾದ್ದು ಬೇರೆಯವರ ಪಾಲಾಗುತ್ತಿದೆ ಅಂತ ಅನ್ನಿಸಿದಾಗ ತಾನೂ ಬಾಯಿ ಹಾಕುತ್ತಿತ್ತು. ನಮ್ಮನೆಯಲ್ಲಿ ನಾನು, ಮಗಳು, ಮಧ್ಯೆ ಒಂದು ಫೋನ್. ಪಾಠಕ್ಕೆ ಇದಕ್ಕಿಂತ ಇನ್ನೇನು ಬೇಕು? ರಾಮನಾಮದಲ್ಲಿ ಜಗಳವಿಲ್ಲ, ಎದುರಾಳಿಯಿಲ್ಲ, ಕೊನೆಗೆ ಯಾರ ಕೈಗೂ ಏನೂ ಸಿಗುವುದಿಲ್ಲ. ರಂಗನ ಲೆಕ್ಕದಲ್ಲಿ ಅದು ಮಾತೇ ಅಲ್ಲ.

ಅಲೆಕ್ಸ್ ನೂರಕ್ಕೂ ಹೆಚ್ಚು ಪದ ಬಳಸುತ್ತಿತ್ತು. ಬಣ್ಣ, ಆಕಾರ ಹೇಳುತ್ತಿತ್ತು. ಆರರವರೆಗೆ ಎಣಿಸುತ್ತಿತ್ತು. 2007ರಲ್ಲಿ, 31ನೇ ವಯಸ್ಸಿನಲ್ಲಿ ಅದು ಸತ್ತಾಗ ದೊಡ್ಡ ದೊಡ್ಡ ಪತ್ರಿಕೆಗಳು ಸುದ್ದಿ ಮಾಡಿದವು. ನನಗೆ ಹಿಡಿಸಿದ್ದು ಆ ಬುದ್ಧಿಗಿಂತ ಅದರ ಹಟ. ಒಂದೇ ಪ್ರಶ್ನೆ ಪದೇ ಪದೇ ಕೇಳಿದರೆ ಬೇಕಂತಲೇ ತಪ್ಪು ಹೇಳುತ್ತಿತ್ತಂತೆ. ಸಾಕಾದಾಗ ವಾಪಸ್ ಹೋಗಬೇಕು ಅನ್ನುತ್ತಿತ್ತಂತೆ. ಬಾಳೆಹಣ್ಣು ಕೇಳಿದಾಗ ಬೇರೇನೋ ಕೊಟ್ಟರೆ ಎಸೆಯುತ್ತಿತ್ತಂತೆ. ಓದುತ್ತಾ ಹೋದಂತೆ ಯಾರೋ ಪರಿಚಯದವರ ಸುದ್ದಿ ಕೇಳಿದ ಹಾಗಾಯಿತು.

ಕುಕ್ಕರ್ ವಿಷಲ್ ಅನುಕರಿಸುವ ಕಥೆ ನಾನು ಹೇಳುವುದಿಲ್ಲ. ಗಿಣಿ ಇರುವ ಎಲ್ಲರ ಮನೆಯಲ್ಲೂ ಅದೊಂದು ಇದ್ದೇ ಇರುತ್ತದೆ. ನಮ್ಮ ಬೀದಿಗೆ ತೊಂದರೆ ಕೊಟ್ಟಿರುವುದು ಇನ್ನೊಂದು ಸೀಟಿ. ಮೈಸೂರಿನಲ್ಲಿ ಬೆಳಿಗ್ಗೆ ಪೌರಕಾರ್ಮಿಕರು ಸೀಟಿ ಊದುತ್ತಾ ಕಸ ತಗೊಂಡು ಹೋಗಲು ಬರುತ್ತಾರೆ. ಸೀಟಿ ಕೇಳಿಸಿದರೆ ಸಾಕು, ಹಸಿಕಸ ಒಣಕಸದ ಬಕೆಟ್ ಹಿಡಿದು ಎಲ್ಲರೂ ಗೇಟಿಗೆ ಬರುತ್ತಾರೆ. ರಂಗ ಅದನ್ನು ಕಲಿತ ಮೇಲೆ, ಮಟಮಟ ಮಧ್ಯಾಹ್ನ ಎದುರು ಮನೆ ಆಂಟಿ ನೈಟಿ ಮೇಲೆ ಟವೆಲ್ ಹೊದ್ದು, ಎರಡೂ ಕೈಯಲ್ಲಿ ಬಕೆಟ್ ಹಿಡಿದು, ಖಾಲಿ ರಸ್ತೆಯ ಆ ತುದಿ ಈ ತುದಿ ನೋಡುತ್ತಾ ನಿಂತಿದ್ದರು. ಮೊದಮೊದಲು ನಕ್ಕರು. ಈಗ ನಗುವುದಿಲ್ಲ.

ಇನ್ನು ಅತ್ತೆಯ ಫೋನ್ ಮಾತು. ಅದು ರಂಗನ ಅತ್ಯುತ್ತಮ ಐಟಂ. "ಹಲೋ... ಹೂಂ... ಹೂಂ... ಅಯ್ಯೋ ಹೌದಾ?... ಯಾವಾಗ?... ಥೂ ಪಾಪ... ಹೂಂ ಕಣೇ... ಸರಿ, ಇಡ್ಲಾ?" ಆ ಕಡೆಯವರ ಮಾತಿಗೆ ಎಷ್ಟು ಹೊತ್ತು ಬಿಡಬೇಕೋ ಅಷ್ಟೇ ಹೊತ್ತು ಬಿಟ್ಟು ಹೂಂಗುಡುತ್ತದೆ. "ಹೌದಾ" ಅನ್ನುವಾಗ ದನಿ ಎಲ್ಲಿ ಏರಬೇಕು, "ಪಾಪ"ದಲ್ಲಿ ಎಲ್ಲಿ ಇಳಿಯಬೇಕು, ಒಂದೂ ತಪ್ಪುವುದಿಲ್ಲ. ಅತ್ತೆ "ನಾನೆಲ್ಲಿ ಹಾಗೆ ಮಾತಾಡ್ತೀನಿ?" ಅಂತ ವಾದ ಮಾಡುತ್ತಿದ್ದಾಗಲೇ ಅವರ ತಂಗಿಯ ಫೋನ್ ಬಂತು. "ಹಲೋ... ಹೂಂ... ಹೂಂ..." ಅಂತ ಶುರು ಮಾಡಿದವರು ನಮ್ಮ ಮುಖ ನೋಡಿ ಎದ್ದು ರೂಮಿಗೆ ಹೋದರು. ರಂಗನಿಗೆ ತುಟಿಯಿಲ್ಲ, ನಮ್ಮ ಹಾಗೆ ಗಂಟಲಲ್ಲಿ ಧ್ವನಿತಂತುಗಳೂ ಇಲ್ಲ. ಎದೆಯೊಳಗೆ ಶ್ವಾಸನಾಳ ಎರಡು ಕವಲಾಗುವ ಜಾಗದಲ್ಲಿರುವ ಒಂದು ಪುಟ್ಟ ಅಂಗದಿಂದ ಇಷ್ಟೆಲ್ಲ ಹೊರಡಿಸುತ್ತದೆ. ದಪ್ಪ ನಾಲಿಗೆ ಅದಕ್ಕೆ ಸಹಾಯ ಮಾಡುತ್ತದೆ ಅಷ್ಟೆ.

ಮಾವನ ದನಿಯೂ ಅದರ ಹತ್ತಿರ ಇದೆ. ಬೆಳಿಗ್ಗೆ ಎದ್ದು ಗಂಟಲು ಸರಿ ಮಾಡಿಕೊಂಡು "ಪೇಪರ್ ಬಂತೇನೇ?" ಅಂತ ಕೇಳುವುದು ಮಾವನ ಅಭ್ಯಾಸವಾಗಿತ್ತು. ಅವರು ತೀರಿಕೊಂಡು, ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಹೊರಟ ಮೇಲೆ ಒಂದು ಬೆಳಿಗ್ಗೆ ಅದೇ ಕೆಮ್ಮು, ಅದೇ ಪ್ರಶ್ನೆ. ನಾನು ಹಾಲಿನ ಪಾತ್ರೆ ಹಿಡಿದು ನಿಂತಲ್ಲೇ ನಿಂತೆ. ಅತ್ತೆ ಬೀನ್ಸ್ ಹೆಚ್ಚುತ್ತಾ ತಲೆ ಎತ್ತದೆ, "ಬಂತು, ಅಲ್ಲೇ ಟೀಪಾಯ್ ಮೇಲಿದೆ" ಅಂದರು. ಇವತ್ತಿಗೂ ಹಾಗೆಯೇ ಉತ್ತರ ಕೊಡುತ್ತಾರೆ. ಮಾವನ ತಂಗಿಗೆ ಈ ವಿಷಯ ತಿಳಿದು, ಅಣ್ಣನ ದನಿ ಒಂದು ಸಲ ಕೇಳಬೇಕು ಅಂತ ಕೊಳ್ಳೇಗಾಲದಿಂದ ಬಂದು ಕೆಲವು ದಿನ ಇದ್ದರು. ರಂಗ ಅಷ್ಟೂ ದಿನ ಸೀಟಿ ಊದಿತು, ಫೋನ್ ಮಾಡಿತು, ನನ್ನ ಮಗಳನ್ನು ಬೈದಿತು. ಪೇಪರ್ ಮಾತು ಮಾತ್ರ ಎತ್ತಲಿಲ್ಲ. ಅವರು ಹೊರಟ ಮಾರನೇ ಬೆಳಿಗ್ಗೆ ಕೇಳಿತು. ರೆಕಾರ್ಡ್ ಮಾಡಿ ಕಳಿಸೋಣ ಅಂದರೆ, ಫೋನ್ ಎತ್ತಿ ಹಿಡಿದ ಕೂಡಲೇ ಬಾಯಿ ಮುಚ್ಚುತ್ತದೆ. ಬೇಡಿಕೊಂಡರೂ ಇಲ್ಲ, ಗೋಡಂಬಿ ತೋರಿಸಿದರೂ ಇಲ್ಲ.

ಗಿಣಿಪಾಠ ಒಪ್ಪಿಸುವ ಹಕ್ಕಿ ಅಂತ ನಾವು ಇದನ್ನು ಎಷ್ಟು ಹಗುರ ಮಾಡಿಬಿಟ್ಟಿದ್ದೇವೆ ಅಲ್ವಾ? ನಾನು ನೋಡಿದ ಮಟ್ಟಿಗೆ ರಂಗ ಹೇಳಿಕೊಟ್ಟದ್ದು ಒಂದನ್ನೂ ಹೇಳಿಲ್ಲ. ತನಗೆ ಬೇಕಾದ್ದನ್ನು ಆರಿಸಿಕೊಂಡಿದೆ, ಬೇಕಾದಾಗ ಹೇಳುತ್ತದೆ.

ನಾಯಿ ಸಾವಿರಾರು ವರ್ಷದಿಂದ ಮನುಷ್ಯನ ಜೊತೆ ಬಾಳಿ ನಮ್ಮ ಮನಸ್ಸು ಹಿಡಿಯುವುದನ್ನು ಕಲಿತಿದೆ. ಗಿಣಿಗೆ ಆ ಹಳೇ ಸಂಬಂಧ ಇಲ್ಲ. ಪಂಜರದಲ್ಲೇ ಮೊಟ್ಟೆಯೊಡೆದು ಬಂದಿದ್ದರೂ ಅದರ ಅಜ್ಜನೋ ಮುತ್ತಜ್ಜನೋ ಕಾಡಿನವರೇ. ಕ್ಯಾಮರೂನ್, ಗ್ಯಾಬನ್, ಕಾಂಗೊ ಕಡೆಯ ಆ ಕಾಡಲ್ಲಿ ಈ ಹಕ್ಕಿಗಳು ದೊಡ್ಡ ಹಿಂಡಿನಲ್ಲಿ ಇರುತ್ತವೆ. ಒಂದು ಕೂಗಿದರೆ ಇನ್ನೊಂದು ಓಗೊಡಬೇಕು. ನಾನು ಹಾಲ್‌ನಿಂದ ಎದ್ದು ಬಚ್ಚಲಿಗೆ ಹೋದರೂ ರಂಗ ಕಿರುಚುವುದು ಅದಕ್ಕೇ. "ಇಲ್ಲೇ ಇದೀನಿ ಕಣೋ" ಅಂತ ಒಳಗಿಂದ ಒಂದು ಮಾತು ಹೇಳಿದರೆ ಸುಮ್ಮನಾಗುತ್ತದೆ. ಹೇಳದಿದ್ದರೆ ಬೀದಿಗೆಲ್ಲ ಕೇಳಿಸುತ್ತದೆ. ಈಗ ನಮ್ಮ ಮನೆಯಲ್ಲಿ ಯಾರು ಎಲ್ಲಿಗೆ ಎದ್ದು ಹೋದರೂ ಹೇಳಿ ಹೋಗುತ್ತಾರೆ. ಮಗಳು ಕೂಡ.

ಕಾಡಿನ ಇನ್ನೊಂದು ಕಟ್ಟಳೆ ನಿದ್ದೆಯದು. ಸಮಭಾಜಕದ ಹತ್ತಿರ ವರ್ಷವಿಡೀ ಹೆಚ್ಚುಕಡಿಮೆ 12 ಗಂಟೆ ಕತ್ತಲು. ರಂಗನಿಗೂ ಅಷ್ಟು ಹೊತ್ತು ಕತ್ತಲು ಬೇಕು. ಏಳು ಗಂಟೆ ಆಗುತ್ತಿದ್ದಂತೆ ಪಂಜರದೊಳಗೆ ಹೋಗಿ ಕೂತು ಮೇಲೆ ಬೆಡ್‌ಶೀಟ್ ಹೊದಿಸಲಿ ಅಂತ ಕಾಯುತ್ತದೆ. ಹೊದಿಸದಿದ್ದರೆ ಊಟದ ಬಟ್ಟಲನ್ನು ಕೊಕ್ಕಲ್ಲಿ ಎತ್ತಿ ಎತ್ತಿ ಬಡಿಯುತ್ತದೆ. ಸ್ಟೀಲ್ ಬಟ್ಟಲು. ಅತ್ತೆಯ ಧಾರಾವಾಹಿ ಶುರುವಾಗುವುದೂ ಅದೇ ಹೊತ್ತಿಗೆ. ಟಿವಿ ಈಗ ಒಳಗಿನ ರೂಮಿಗೆ ಹೋಗಿದೆ. ಧಾರಾವಾಹಿ ಬಿಡದ ಅತ್ತೆ ಹಾಲ್ ಬಿಟ್ಟುಕೊಟ್ಟರು.

ಪಂಜರದ ಬಾಗಿಲ ಚಿಲಕ ತೆಗೆಯುವುದನ್ನು ಬಂದ ಹೊಸದರಲ್ಲೇ ಕಲಿತಿತ್ತು. ನಮ್ಮ ಮನೆಯವರು ಬೈಂಡಿಂಗ್ ವೈರ್ ಸುತ್ತಿದರು. ಬಿಚ್ಚಿತು. ಚಿಕ್ಕ ಬೀಗ ಹಾಕಿದರು. ಬೀಗ ಬಿಟ್ಟು ಪಂಜರದ ನಟ್ಟುಗಳನ್ನು ತಿರುಗಿಸಿ ಒಂದು ಪಕ್ಕವನ್ನೇ ಕಳಚಿತು. ಹೊರಬಂದು ಅಲ್ಲಿ ಇಲ್ಲಿ ಹಾರಲೂ ಇಲ್ಲ, ನೆಟ್ಟಗೆ ಹೋಗಿ ಟಿವಿ ರಿಮೋಟಿನ ಬಟನ್‌ಗಳನ್ನು ಒಂದೊಂದಾಗಿ ಕಿತ್ತಿತು. ಅವತ್ತಿನಿಂದ ಹಗಲು ಹೊತ್ತು ಬಾಗಿಲು ತೆಗೆದೇ ಇರುತ್ತದೆ. ಕಿಟಕಿಗೆಲ್ಲ ಮೆಶ್ ಬಂತು, ಹಾಲ್‌ನ ಸೀಲಿಂಗ್ ಫ್ಯಾನ್ ಹಗಲು ಬಂದ್. ಏಪ್ರಿಲ್ ತಿಂಗಳ ಸೆಕೆಯಲ್ಲಿ ನೆಂಟರು ಪೇಪರ್ ಬೀಸಿಕೊಳ್ಳುತ್ತಾ ಕೂರುತ್ತಾರೆ.

ಅಡುಗೆಮನೆಯೂ ಅದರ ಮಾತಿನಂತೆ ಬದಲಾಯಿತು. ಹಕ್ಕಿಗಳ ಉಸಿರಾಟ ನಮ್ಮದಕ್ಕಿಂತ ತುಂಬಾ ಚುರುಕು. ಗಾಳಿಯಲ್ಲಿ ಇರುವುದನ್ನೆಲ್ಲ ಬೇಗ ಹೀರಿಕೊಳ್ಳುತ್ತವೆ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದಾಗ ಬರುವ ಹೊಗೆ ನಮಗೆ ವಾಸನೆಯೂ ಬರದಿರಬಹುದು, ಗಿಣಿ ಮಾತ್ರ ಅದರಿಂದ ಸಾಯಬಹುದು. ನಮ್ಮ ನಾನ್‌ಸ್ಟಿಕ್ ಎಲ್ಲ ಆಚೆ ಹೋಗಿ ಅತ್ತೆಯ ಹಳೇ ಕಬ್ಬಿಣದ ಕಾವಲಿ ಅಟ್ಟದಿಂದ ಇಳಿಯಿತು. ಊದಿನಕಡ್ಡಿ, ಸಾಂಬ್ರಾಣಿ, ಸೊಳ್ಳೆ ಸ್ಪ್ರೇ ಹಾಲ್‌ಗೆ ಬರುವಂತಿಲ್ಲ. ಬೆಣ್ಣೆಹಣ್ಣು, ಚಾಕೊಲೇಟ್ ಅದಕ್ಕೆ ವಿಷ. ಕಾಫಿಯೂ ಕೂಡದು. ಮೈಸೂರಿನ ಮನೆಯಲ್ಲಿ ಕಾಫಿ ನಿಷೇಧ ಜಾರಿಗೆ ತರುವುದು ಸುಲಭವಲ್ಲ. ಅತ್ತೆ ಲೋಟ ಎತ್ತಿದರೆ ರಂಗ ಅವರ ಭುಜಕ್ಕೆ ಬಂದು ಕೂತು ಲೋಟದೊಳಗೆ ಇಣುಕುತ್ತದೆ. "ಒಂದು ತೊಟ್ಟು ಕೊಟ್ರೆ ಏನಾಗತ್ತಮ್ಮ, ಪಾಪ" ಅಂತ ಇವರು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅವರ ಬಾಯಲ್ಲೇ ಹೇಳಿಸಬೇಕಾಯಿತು. ಬರೀ ಸೂರ್ಯಕಾಂತಿ ಬೀಜ ಹಾಕಬೇಡಿ ಅಂತಲೂ ಅವರು ಹೇಳಿದರು. ಅದರಲ್ಲಿ ಕೊಬ್ಬು ಜಾಸ್ತಿ, ಎ ವಿಟಮಿನ್ನೂ ಕ್ಯಾಲ್ಸಿಯಮ್ಮೂ ಕಡಿಮೆ. ಗ್ರೇಗಳಿಗೆ ಕ್ಯಾಲ್ಸಿಯಂ ಕೊರತೆ ಬೇಗ ಕಾಡುತ್ತದೆ. ಈಗ ಕ್ಯಾರೆಟ್, ನುಗ್ಗೆಸೊಪ್ಪು, ಬೇಯಿಸಿದ ಕಾಳು. ಜೊತೆಗೆ ಮೆಣಸಿನಕಾಯಿ. ಮೆಣಸಿನ ಖಾರ ಹಕ್ಕಿಗಳಿಗೆ ಗೊತ್ತಾಗುವುದೇ ಇಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ಒಂದು ಕಾಲಲ್ಲಿ ಹಿಡಿದು, ತುದಿ ಕತ್ತರಿಸಿ, ಬೀಜವನ್ನು ಒಂದೊಂದಾಗಿ ಬಿಡಿಸಿ ತಿಂದು, ಸಿಪ್ಪೆಯನ್ನು ನಾನು ಆಗತಾನೇ ಗುಡಿಸಿದ ಜಾಗಕ್ಕೇ ಎಸೆಯುತ್ತದೆ.

ಯಾರು ತನ್ನವರು ಅನ್ನುವುದನ್ನೂ ಅದೇ ತೀರ್ಮಾನ ಮಾಡಿತು. ಪಂಜರ ತೊಳೆಯುವವಳು ನಾನು, ಕಾಳು ನೆನೆಸುವವಳು ನಾನು. ನನಗೆ ಕಚ್ಚುತ್ತದೆ. ಕಚ್ಚುವ ಮೊದಲು ಕಣ್ಣಿನ ಪಾಪೆ ಚಿಕ್ಕದು ದೊಡ್ಡದು ಆಗುತ್ತದೆ, ಕತ್ತಿನ ಪುಕ್ಕ ನಿಲ್ಲುತ್ತದೆ. ಆಗ ಕೈ ತೆಗೆದರೆ ಬಚಾವ್. ದೂರ ಇಡಿ ಅದನ್ನು ಅಂದಿದ್ದ ಅತ್ತೆಯ ಭುಜವೇ ಅದಕ್ಕೆ ಬೇಕು. ಅತ್ತೆ ಒಮ್ಮೆ ಬೆಂಗಳೂರಿಗೆ ನಮ್ಮ ಮೈದುನನ ಮನೆಗೆ ಹೋದಾಗ ರಂಗ ಮಾತು ನಿಲ್ಲಿಸಿತು. ಆಮೇಲೆ ಎದೆಯ ಪುಕ್ಕ ಕೀಳತೊಡಗಿತು. ಒಂದೊಂದೇ ಪುಕ್ಕ ಹಿಡಿದು, ಬುಡದವರೆಗೆ ಕೊಕ್ಕು ಇಳಿಸಿ, ಎಳೆದು, ಕೆಳಗೆ ಬಿಡುವುದು. ಬೂದಿ ಬಣ್ಣದ ನಡುವೆ ಅಂಗೈಯಗಲ ಬರೀ ಚರ್ಮ ಕಾಣಿಸಿತು. ಡಾಕ್ಟರು ನೋಡಿ ರೋಗ ಏನಿಲ್ಲ, ಬೇಸರ ಅಂದರು. ಕಾಡಲ್ಲಿ ದಿನವೆಲ್ಲ ಹುಡುಕಿ ತಿನ್ನುವ ಹಕ್ಕಿಗೆ ಬಟ್ಟಲಲ್ಲಿ ಊಟ ಇಟ್ಟುಬಿಟ್ಟರೆ ಉಳಿದ ಹೊತ್ತಲ್ಲಿ ಅದು ಮಾಡುವುದಾದರೂ ಏನು? ಈಗ ಶೇಂಗಾವನ್ನು ಪೇಪರ್‌ನಲ್ಲಿ ಸುತ್ತಿ ತೆಂಗಿನ ಚಿಪ್ಪಿನೊಳಗೆ ತುರುಕಿ ಕೊಡುತ್ತೇವೆ. ಬಿಚ್ಚಿಕೊಂಡು ತಿನ್ನಲಿ ಅಂತ. ಅತ್ತೆ ವಿಷಯ ಕೇಳಿ ಅರ್ಧಕ್ಕೇ ವಾಪಸ್ ಬಂದರು. ಬಸ್ ಸ್ಟ್ಯಾಂಡಿನಿಂದ ಆಟೊದಲ್ಲಿ ಇಳಿದು, ಬ್ಯಾಗ್ ಗೇಟಲ್ಲೇ ಬಿಟ್ಟು ಒಳಗೆ ಹೋದರು. ರಂಗ ಅವರ ಬೆರಳನ್ನು ಕಚ್ಚಿ, ಆಮೇಲೆ ಭುಜಕ್ಕೆ ಹತ್ತಿತು.

2022ರಲ್ಲಿ ತುಮಕೂರಿನ ಒಂದು ಮನೆಯ ಆಫ್ರಿಕನ್ ಗ್ರೇ ಹಾರಿಹೋಗಿ, ಹುಡುಕಿಕೊಟ್ಟವರಿಗೆ 50 ಸಾವಿರ ರೂಪಾಯಿ ಅಂತ ಪೋಸ್ಟರ್ ಹಾಕಿದ್ದು ನೆನಪಿರಬೇಕು. ಸಿಕ್ಕ ಮೇಲೆ ಖುಷಿಗೆ 85 ಸಾವಿರ ಕೊಟ್ಟರು. ಆ ಪೋಸ್ಟರ್ ನನಗೆ ವಾಟ್ಸಾಪಿನಲ್ಲಿ ಎಷ್ಟು ಕಡೆಯಿಂದ ಬಂತೋ. ಎಲ್ಲರೂ ಜೊತೆಗೆ ನಗುವ ಎಮೋಜಿ ಕಳಿಸಿದ್ದರು. ನಮ್ಮನೆಯಲ್ಲಿ ಯಾರೂ ನಗಲಿಲ್ಲ. ಮನೆಯವರು ಹೋಗಿ ಮೆಶ್ ಗಟ್ಟಿಯಾಗಿದೆಯಾ ಅಂತ ನೋಡಿ ಬಂದರು.

ರಂಗನನ್ನು ನೋಡಿದವರಲ್ಲಿ ಅರ್ಧ ಜನ "ನಮಗೂ ಒಂದು ಕೊಡಿಸಿ, ಹಸಿರು ಗಿಣಿಯಾದರೂ ಪರವಾಗಿಲ್ಲ" ಅನ್ನುತ್ತಾರೆ. ಹಸಿರು ಗಿಣಿ ಸಾಕುವುದು ಅಪರಾಧ. ನಮ್ಮ ದೇಶದ ಗಿಣಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಚಿಕ್ಕಂದಿನಲ್ಲಿ ಎಲ್ಲರ ಜಗಲಿಯಲ್ಲೂ ನೋಡಿದ್ದೇವೆ, ದೇವಸ್ಥಾನದ ಬೀದಿಯಲ್ಲಿ ಗಿಣಿಶಾಸ್ತ್ರದವರು ಪಂಜರದಿಂದ ಬಿಟ್ಟು ಚೀಟಿ ಎತ್ತಿಸುತ್ತಿದ್ದರು, ಹಾಗಾಗಿ ಅದು ತಪ್ಪು ಅಂತ ಯಾರಿಗೂ ಅನ್ನಿಸುವುದಿಲ್ಲ. ಹೊರದೇಶದ ಗಿಣಿಗೂ ಕಾಗದಪತ್ರ ಬೇಕು. ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ದೇಶಗಳು 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿ, ಕಾಡಿನ ಆಫ್ರಿಕನ್ ಗ್ರೇಗಳನ್ನು ಹಿಡಿದು ವ್ಯಾಪಾರ ಮಾಡದಂತೆ ಅದನ್ನು ಅತ್ಯಂತ ಬಿಗಿ ಪಟ್ಟಿಗೆ ಸೇರಿಸಿದವು. ನಮ್ಮಲ್ಲಿ 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ, ಇಂಥ ಪ್ರಾಣಿಗಳು ಇರುವವರು ಆರು ತಿಂಗಳೊಳಗೆ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕಿತ್ತು. ನಾವೂ ಮಾಡಿಸಿದೆವು. ಫೋಟೊ ತೆಗೆಯಲು ಹೋದಾಗ ಬಾಲ ತೋರಿಸಿ ಕೂತಿತು ಅಂತ ಬೇರೆ ಹೇಳಬೇಕಾಗಿಲ್ಲ.

ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ. ತರಬೇಡಿ. ಗಿಣಿ ನೋಡುವ ಆಸೆ ಇದ್ದರೆ ಇಲ್ಲೇ ಸಚ್ಚಿದಾನಂದ ಆಶ್ರಮದ ಶುಕವನಕ್ಕೆ ಹೋಗಿ. 2017ರಲ್ಲಿ 468 ಜಾತಿಯ ಹಕ್ಕಿಗಳಿವೆ ಅಂತ ಗಿನ್ನೆಸ್ ದಾಖಲೆ ಆಯಿತು. ನೋಡಿ, ಖುಷಿಪಡಿ, ಮನೆಗೆ ಬಂದು ಫ್ಯಾನ್ ಹಾಕಿಕೊಂಡು ಮಲಗಿ. ನಾವು ಅತ್ತೆಯನ್ನು ಕರೆದುಕೊಂಡು ಹೋಗಿದ್ದೆವು. ನೀಲಿ, ಹಳದಿ, ಕೆಂಪು ಮಕಾವ್‌ಗಳನ್ನೆಲ್ಲ ನೋಡಿ ಮುಗಿಸಿ, "ಚೆನ್ನಾಗಿವೆ. ಆದ್ರೆ ನಮ್ಮ ರಂಗನ ಮೂತಿ ಲಕ್ಷಣ ಬರಲ್ಲ" ಅಂದರು.

ಇನ್ನೊಂದು ಲೆಕ್ಕವಿದೆ. ಚೆನ್ನಾಗಿ ನೋಡಿಕೊಂಡರೆ ಈ ಹಕ್ಕಿ 40, 50 ವರ್ಷ ಬದುಕುತ್ತದೆ. ಅತ್ತೆಗೆ ಎಪ್ಪತ್ತು ದಾಟಿದೆ. ಹೋದ ದೀಪಾವಳಿಗೆ ಎಲ್ಲರೂ ಸೇರಿದಾಗ ಅವರು ತಮ್ಮ ಒಡವೆ ಯಾವುದು ಯಾರಿಗೆ ಅಂತ ಹೇಳಿದರು. ನಾದಿನಿಗೆ ಬಳೆ, ನನಗೆ ಅವಲಕ್ಕಿ ಸರ, ಮೊಮ್ಮಕ್ಕಳಿಗೆ ಉಂಗುರ. ಎಲ್ಲರೂ "ಈಗ ಯಾಕಮ್ಮ ಇದೆಲ್ಲ" ಅನ್ನುತ್ತಲೇ ಗಮನ ಕೊಟ್ಟು ಕೇಳಿದರು. ಆಮೇಲೆ ಅವರು "ರಂಗ ಯಾರಿಗೆ?" ಅಂದರು. ಮೈದುನ ತಮ್ಮದು ಫ್ಲ್ಯಾಟು ಅಂದ. ನಾದಿನಿ ಅವರ ಮನೆ ಬೆಕ್ಕಿನ ಮಾತೆತ್ತಿದಳು. ನಮಗೂ ವಯಸ್ಸು ನಿಂತಿಲ್ಲವಲ್ಲ. ಕೊನೆಗೆ ಪಿಯುಸಿ ಓದುವ ನನ್ನ ಮಗಳು, ಫೋನಿನಿಂದ ಕಣ್ಣು ತೆಗೆಯದೆ, "ನಾನು ನೋಡ್ಕೋತೀನಿ ಅಜ್ಜಿ" ಅಂದಳು.

ಅಂದಿದ್ದಕ್ಕೆ ಅವಳು ಈಗ ದಿನಾ ಸಂಜೆ ಅದರ ಜೊತೆ ಕೂರುತ್ತಾಳೆ. ಕೈಯಿಂದ ಬಾದಾಮಿ ಕೊಡುತ್ತಾಳೆ. ರಂಗ ಬಾದಾಮಿಯನ್ನು ಮೆತ್ತಗೆ ತಗೊಳ್ಳುತ್ತದೆ, ಪಕ್ಕಕ್ಕೆ ಇಡುತ್ತದೆ, ಬೆರಳು ಕಚ್ಚುತ್ತದೆ, ಆಮೇಲೆ ಬಾದಾಮಿ ತಿನ್ನುತ್ತದೆ. ಮಗಳ ಎರಡು ಬೆರಳಿಗೆ ಬ್ಯಾಂಡೇಜ್ ಇದೆ. ಅವಳ ಕಡೆಯಿಂದ ಒಪ್ಪಿಗೆ ಆಗಿದೆ. ಅದರ ಕಡೆಯಿಂದ ಇನ್ನೂ ಬಂದಿಲ್ಲ.